ಗುಲಗಂಜಿಗಿಂತ ಹಗುರ

ಕುಮಾಸಿಯ ಪೇಟೆಯಲ್ಲಿ ನನ್ನದು ಮೂರು ತಲೆಮಾರಿನ ಕುಲುಮೆ.
ಮದುಮಗಳ ಬಳೆ, ಹಿರಿಯರ ಉಂಗುರ,
ಉಂಗುರದ ಮೇಲೊಂದು ಮೊಸಳೆ,
ಇಷ್ಟು ಬಲ್ಲೆ.

ಆಸ್ಪತ್ರೆಯ ಮದ್ದಿನ ಕೋಣೆಯಿಂದ ಸೆರ್ವಾ ಬಂದಳು
ಬಿಳಿ ಕೋಟು ಮಡಿಚಿ ಕಂಕುಳಲ್ಲಿಟ್ಟು.
"ಅಗ್ಯಾ," ಎಂದಳು, ಅಪ್ಪನನ್ನು ಕರೆಯುವ ಹಾಗೆ,
"ಅಚ್ಚೊಂದು ಬೇಕು.
ಕಾಸಿನಗಲದಲ್ಲಿ ನಾನೂರು ಮೊನೆ."
ಯಾರ ಮದುವೆಗೆ? ಎಂದೆ.
ನಗಲಿಲ್ಲ.
"ಚುಚ್ಚಬೇಕು. ನೋಯಬಾರದು."

ನಲವತ್ತು ವರ್ಷದಿಂದ ಈ ಬೆರಳುಗಳಿಗೆ
ಚುಚ್ಚಿದ್ದೆಲ್ಲ ನೊಂದೇ ಗೊತ್ತು.

ಏಳನೇ ವಾರ್ಡಿನಲ್ಲಿ ಅತಾ, ಅವಳಿಯಲ್ಲಿ ಉಳಿದವಳು.
ನೆತ್ತರ ಕಣ ಕುಡುಗೋಲಾಗಿ ಬಾಗುವ ಕಾಯಿಲೆ.
ಮಾತ್ರೆ ಕೊಟ್ಟರೆ ಗೋಡೆಗೆ ಉಗಿಯುತ್ತಾಳೆ,
ಸೂಜಿ ಕಂಡರೆ ಮಂಚದಡಿ.
ತೋಳಲ್ಲಿ ಇನ್ನು ಕೈಗೆ ಸಿಗುವ ನರವೇ ಇಲ್ಲ.
"ಮದ್ದಿದೆ ಅಗ್ಯಾ, ದಾರಿಯಿಲ್ಲ," ಎಂದಳು ಸೆರ್ವಾ.
ಬಾಗಿಲು ತಿಳಿಯದೆ ಅಂಗಳದಲ್ಲೇ ನಿಂತ ನೆಂಟ.

ಜೇನುಮೇಣ ತಿದ್ದಿದೆ, ಮಣ್ಣು ಮೆತ್ತಿದೆ, ಸುಟ್ಟೆ.
ಮೇಣ ಹರಿದುಹೋಯಿತು, ಅದು ಬಿಟ್ಟ ಜಾಗಕ್ಕೆ ಹಿತ್ತಾಳೆ ಇಳಿಯಿತು.
ಮೊದಲನೆಯದು ಅನಾನಸಿನ ಸಿಪ್ಪೆ.
ಎರಡನೆಯದು ಮುದುಕನ ಬಾಯಿ,
ಅಲ್ಲೊಂದು ಇಲ್ಲೊಂದು ಹಲ್ಲು.
ಪಕ್ಕದಂಗಡಿಯ ಗಡಿಯಾರದವನ ಕಣ್ಣುಗಾಜು ಎರವಲು ತಂದೆ,
ಒಂಬತ್ತನೆಯದರಲ್ಲಿ ಮೊನೆಗಳು ಎದ್ದು ನಿಂತವು,
ಹೊಸದಾಗಿ ಕ್ಷೌರ ಮಾಡಿಸಿದ ಹುಡುಗನ ತಲೆ.

ಅದರ ಮೇಲೆ ಅವಳು ರಬ್ಬರು ಸುರಿದು, ಕಿತ್ತು,
ಉಳಿದ ಕುಳಿಗಳಿಗೆ ಸಕ್ಕರೆ ಪಾಕ ತುಂಬಿದಳು.
ಮದ್ದು ಆಮೇಲೆ, ಮೊದಲು ಬರೀ ಸಕ್ಕರೆ.
ಜೂನ್ ಮಳೆ ಬಂತು.
ನಾನೂರೂ ತಲೆ ತಗ್ಗಿಸಿದವು.
ಮೈಯೊಳಗೆ ಕರಗಲೆಂದು ಮಾಡಿದ್ದು
ಮೇಜಿನ ಮೇಲೆಯೇ ಕರಗಿ ಇರುವೆ ಕರೆಯಿತು.
ಕರಗಬೇಕು, ಆದರೆ ಇಲ್ಲಲ್ಲ, ಈಗಲ್ಲ:
ವಿದ್ಯೆಯೆಲ್ಲ ಅಷ್ಟೇ, ಅಷ್ಟಕ್ಕೇ ಆರು ತಿಂಗಳು.

ಡಿಸೆಂಬರಿನಲ್ಲಿ ಮರಳುಗಾಡಿನ ಗಾಳಿ ಬೀಸಿ
ತುಟಿ ಒಡೆಯಿತು, ಬಾಗಿಲ ಹಲಗೆ ಬಿರಿಯಿತು,
ಸಕ್ಕರೆ ನಿಂತಿತು.
ನನ್ನ ಅಜ್ಜ ಚಿನ್ನದ ಪುಡಿ ತೂಗುತ್ತಿದ್ದ ತಕ್ಕಡಿ ತೆಗೆದೆ.
ಒಂದು ತಟ್ಟೆಗೆ ಒಂದು ಗುಲಗಂಜಿ,
ಇನ್ನೊಂದಕ್ಕೆ ನಾನೂರು ಸೂಜಿ.
ಗುಲಗಂಜಿಯೇ ಕೆಳಗೆ.

ಮೊದಲು ನನ್ನ ತೋಳಿಗೆ ಒತ್ತಿದಳು.
ಬೆಕ್ಕು ನೆಕ್ಕಿದ ಹಾಗಾಯಿತು.
ಆಮೇಲೆ ಅತಾಳ ತೋಳಿಗೆ, ಅವಳ ತಾಯಿಯನ್ನು ಕೇಳಿ,
ಮದ್ದಿಲ್ಲದ ಪಟ್ಟಿ.
ಹುಡುಗಿ ಕಣ್ಣು ಬಿಗಿದು, ಹಲ್ಲು ಕಚ್ಚಿ,
ನನ್ನ ಹೆಬ್ಬೆರಳು ಹಿಡಿದು ಕೂತಳು,
ಎಷ್ಟೋ ಹೊತ್ತಾದ ಮೇಲೆ ಒಂದು ಕಣ್ಣು ತೆರೆದಳು:
"ಯಾವಾಗ ಚುಚ್ಚುತ್ತೀರಿ?"
ಚುಚ್ಚಿ ಆಗಿತ್ತು.

ಇನ್ನು ಮದ್ದು ತುಂಬಲು ಅಕ್ರಾದಿಂದ ಕಾಗದ ಬರಬೇಕು.
ಕಾಗದ ಬರುವ ಮೊದಲೇ ಮಳೆ ಬರುತ್ತದೆ, ಬಲ್ಲೆ.
ಅದಕ್ಕೇ ಗಾಳಿಯಾಡದ ಡಬ್ಬಿಯೊಂದನ್ನು ಎರಕ ಹೊಯ್ಯುತ್ತಿದ್ದೇನೆ.
ಮುಚ್ಚಳದ ಮೇಲೊಂದು ಮೊಸಳೆ.
ಅತಾ ಕೇಳಿದ್ದು.
ಹಲ್ಲಿರಬಾರದಂತೆ.