ರಸಮಟ್ಟ

ಊರಿನ ಹೆಸರು ವೈ.
ಕನ್ನಡದಲ್ಲಿ ಹೇಳುವುದಾದರೆ, ಯಾಕೆ.
ಎರಡು ಹೆದ್ದಾರಿ ಕೂಡುವಲ್ಲಿ ಒಂದು ಪೆಟ್ರೋಲ್ ಬಂಕು,
ಐಸಿನ ಪೆಟ್ಟಿಗೆ, ಅದರ ನೆರಳಿಗೆ ಮಲಗಿದ ನಾಯಿ,
ಆಚೆ ಕಣ್ಣು ಸೋಲುವ ತನಕ ಅರಿಜೋನ.

ನಿನ್ನೆ ಕತ್ತಲಾದ ಮೇಲೆ ಬಂದು ಟ್ರೇಲರ್ ನಿಲ್ಲಿಸಿದೆವು.
ಬೆಳಗಾದರೆ ಸಂಗಯ್ಯ ಚಕ್ರದ ಬುಡದಲ್ಲಿ.
ಮೂವತ್ತೊಂದು ವರ್ಷ ಮಂದಿಯ ಗೋಡೆಗಳಿಗೆ
ರಸಮಟ್ಟ ಹಿಡಿದು ತಪ್ಪು ಬರೆದವನು
ಈಗ ನಮ್ಮ ಹದಿನಾರು ಅಡಿ ಮನೆಗೆ ಹಿಡಿದಿದ್ದಾನೆ.
"ಬಲಕ್ಕ ಒಂದ್ ಬೆರಳು ಇಳದೈತಿ."
ಹಲಗೆಯ ತುಂಡು ತುರುಕುತ್ತಾನೆ; ನಾನು ಒಳಗಿನಿಂದ
ಬೋಗುಣಿಯ ಹಾಲು ಎತ್ತ ವಾಲಿದೆಯೆಂದು ಕೂಗುತ್ತೇನೆ.
ಗುಳ್ಳೆ ನಡುವಿಗೆ ಬಂತು. ಆಗ ಹತ್ತೂವರೆ.

ಪಕ್ಕದ ಬಂಡಿಯ ಲೋರ್ನಾ, ಕೆನಡಾದ ಹಿಮಕ್ಕೆ
ವರ್ಷಾ ವರ್ಷಾ ಬೆನ್ನು ಹಾಕಿ ಬರುವವಳು,
ನಾಲ್ಕು ನಿಂಬೆಹಣ್ಣು ಕೊಟ್ಟು ಕೇಳಿದಳು:
ಇವತ್ತು ಏನೇನು ನೋಡುವವರು?
ಇವನು ನನ್ನ ಮುಖ ನೋಡಿದ. ನಾನು ಇವನದು.

ಹತ್ತು ಮೈಲಿ ಬಡಗಲಿಗೆ ಆಹೋ ಎಂಬ ಊರು.
ಸ್ಪ್ಯಾನಿಶ್‌ನಲ್ಲಿ ಬೆಳ್ಳುಳ್ಳಿಯಂತೆ.
ನಮಗೆ ಮಾತ್ರ ಕಂಪನಿ ನಾಟಕದ ರಾಜ
ಪರದೆ ಸರಿಸಿ ಬೆರಗಾದಂತೆ ಕೇಳಿತು.
ಬಿಳಿ ಕಮಾನು, ಬಿಳಿ ಚರ್ಚು, ಇನ್ನೂ ಒಂದು ಬಿಳಿ ಚರ್ಚು,
ತಾಳೆಮರದ ಕೆಳಗೆ ಯಾರೂ ಕೂರದ ಬೆಂಚು.
ಕೂತೆವು.
ನಾನು ಕಿತ್ತಳೆ ಸುಲಿದು ತಿರುಗುವಷ್ಟರಲ್ಲಿ
ಇವನು ಜೇಬಿನಿಂದ ಅದನ್ನೇ ತೆಗೆದು
ಕಮಾನಿನ ಕಟ್ಟೆಯ ಮೇಲೆ ಇಟ್ಟಿದ್ದ!
"ರೀ, ರಿಟೈರ್ ಆಗೇತ್ರಿ ನಿಮಗ."
(ಮಾತಿನಲ್ಲಿ ಬಹುವಚನ. ಏಕವಚನ ಈ ಹಾಳೆಯಲ್ಲಷ್ಟೇ.)

ಊರಾಚೆ, ಬೇಲಿಯ ಹಿಂದೆ, ತಾಮ್ರದ ಗಣಿ.
ಗಣಿ ನಿಂತು ಎಷ್ಟೋ ಕಾಲವಾಗಿದೆ; ಗುಂಡಿ ಮಾತ್ರ ಹಾಗೇ ಇದೆ,
ಮೆಟ್ಟಿಲು ಮೆಟ್ಟಿಲಾಗಿ ಇಳಿದು
ತಳದಲ್ಲಿ ಹಸಿರು ನೀರಿನ ಒಂದು ಬೊಟ್ಟು.
ಸರಳಿಗೆ ಹಣೆ ಒತ್ತಿ ನಿಂತೆವು, ಎಷ್ಟು ಹೊತ್ತೋ.
ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ,
ಇವನು ಹಗಲೆಲ್ಲ ಬಿಸಿಲಲ್ಲಿ.
ಇಪ್ಪತ್ತೇಳು ವರ್ಷ ಫ್ರಿಜ್ಜಿನ ಬಾಗಿಲ ಮೇಲೆ ಸಂಸಾರ ಮಾಡಿದೆವು:
ಸಾರು ಕೆಳಗಿನ ಅರೆಯಲ್ಲಿದೆ. ಕರೆಂಟ್ ಬಿಲ್ ಕಟ್ಟಿದೆ.
ನಿನ್ನ ಕೆಮ್ಮು ಹೇಗಿದೆ?
ಅದಕ್ಕೆ ನಾನು ಏನು ಬರೆದಿದ್ದೆನೋ ನೆನಪಿಲ್ಲ.
"ಎಷ್ಟ್ ಆಳ ಇರಬೇಕ್ರಿ?" ಅಂದೆ.
ಅಳತೆಯ ಮನುಷ್ಯ, ಮೊದಲ ಸಲ,
"ಗೊತ್ತಿಲ್ಲ ನೋಡು" ಅಂದ.

ಮಧ್ಯಾಹ್ನ ಟೊರ್ಟಿಯಾಗೆ ಶೇಂಗಾ ಚಟ್ನಿಪುಡಿ, ಲೋರ್ನಾಳ ನಿಂಬೆ.
ದಾರಿ ಬದಿಯ ಸಗುವಾರೊ ಕಳ್ಳಿ ಒಂದೇ ಕೈ ಎತ್ತಿತ್ತು,
ಹಾಜರಿ ಕೂಗಿದ ಮಾಸ್ತರು ಹೋಗಿಯೇ ಬಿಟ್ಟರೂ
ಇಳಿಸುವುದು ಮರೆತ ಹುಡುಗನ ಹಾಗೆ.
ಅದರ ನೆರಳು ಅಗಲದಲ್ಲಿ ಒಬ್ಬರಿಗಷ್ಟೇ ಸಾಕಿತ್ತು.
ಹಿಂದೆ ಮುಂದೆ ಕುರ್ಚಿ ಹಾಕಿದೆವು, ರೈಲಿನಂತೆ.
ನೆರಳು ಸರಿದಂತೆ ಸರಿದೆವು. ಬೇರೆ ಕೆಲಸ ಮಾಡಲಿಲ್ಲ.

ಮರಳಿ ಬಂಕಿನಲ್ಲಿ ಎಣ್ಣೆ ಹಾಕಿಸುವಾಗ
ಗಡಿ ಕಾವಲಿನ ಹಸಿರು ಸಮವಸ್ತ್ರದ ಹುಡುಗ,
ಮೀಸೆ ಇನ್ನೂ ಗಟ್ಟಿಯಾಗದವನು, ನಯವಾಗಿಯೇ ಕೇಳಿದ:
ಎಲ್ಲಿಂದ? ಎಲ್ಲಿಗೆ? ಇಲ್ಲಿಗೆ ಯಾಕೆ?
ಇವನ ಬಾಯಲ್ಲಿ "ಸುಮ್ಮನೆ" ಸಿದ್ಧವಾಗಿತ್ತು.
ಇಂಗ್ಲಿಷಿನಲ್ಲಿ ಅದಕ್ಕೆ ಬಟ್ಟೆ ಸಿಗದೆ
ಕೈ ಬೀಸಿ ಗುಡ್ಡಗಳನ್ನು ತೋರಿಸಿದ.
ಹುಡುಗ ತಿರುಗಿ ನೋಡಿದ,
ದಿನವೂ ಕಾಯುವ ಗುಡ್ಡವನ್ನು,
ಅಲ್ಲಿ ಏನೋ ಇದ್ದೀತು ಎಂಬಂತೆ.

ರಾತ್ರಿ ಕಿಟಕಿಯ ಅಂಚಿಗೆ ರಸಮಟ್ಟ ಬಿಟ್ಟು ಮಲಗಿದ್ದಾನೆ.
ದೂರದಲ್ಲಿ ತೋಳಗಳೋ ನರಿಗಳೋ, ಒಂದಿಷ್ಟು ನಗು.
ಚಳಿಗೆ ನಾನೂ ಅವನ ಮಗ್ಗುಲಿಗೆ ಸರಿದೆ.
ಟಾರ್ಚು ಹಾಕಿ ನೋಡಿದರೆ
ಗುಳ್ಳೆ ಗೆರೆ ದಾಟಿ ಆ ಕಡೆ ನಿಂತಿದೆ.
ಹೇಳಲಿಲ್ಲ.
ಹೇಳಿದರೆ ನಾಳೆಯೂ ಹಲಗೆ ಹುಡುಕುತ್ತ
ಹತ್ತೂವರೆ ಮಾಡುತ್ತಾನೆ.