ಉಪ್ಪುಗೈ

ಶೆಣೈಯವರು ಎರಡನ್ನೂ ಬೈರಾಸಿನ ಮೇಲೆ ಮಲಗಿಸಿದರು.
ಒಂದು ನೇರಳೆ ಹಣ್ಣಿನ ಬಣ್ಣ,
ಓರೆಯಾಗಿ ಹಿಡಿದರೆ ಕಪ್ಪು, ಬೆಳಕಿಗೆ ತಿರುಗಿಸಿದರೆ ನೀಲಿ.
ಇನ್ನೊಂದು ಆಸ್ಪತ್ರೆಯ ತಟ್ಟೆಯ ಹಾಗೆ ಬಿಳಿ, ಸ್ಟೀಲು.
"ಹಂದಿಗೆ ಎರಡೂ ಒಂದೇ," ಎಂದರು.
"ಇದನ್ನು ನೀವು ನೋಡಿಕೊಳ್ಳಬೇಕು.
ಅದು ಅದರಷ್ಟಕ್ಕೆ ಇರ್ತದೆ."

ಹೊರಗೆ ಕಾಸರಗೋಡಿನ ಸೆಖೆ.
ಕಡಲ ಗಾಳಿ ಪೇಟೆಯವರೆಗೂ ನಡೆದು ಬಂದು
ಅವರ ಶಟರನ್ನು ಬುಡದಿಂದ ತಿನ್ನುತ್ತಿತ್ತು.
ಸ್ವರ್ಗಕ್ಕೆ ಕೊನೆಯ ಬಸ್ಸು ಆರೂವರೆಗೆ.
ಸ್ವರ್ಗ ನಮ್ಮೂರು. ನಗಬೇಡಿ, ನಕ್ಕು ನಮಗೇ ಸಾಕಾಗಿದೆ.
ಅಲ್ಲೀಗ ಮರಗೆಣಸು ನೆಡುವುದು ನಾವು, ಕೀಳುವುದು ಹಂದಿ.

ಅಪ್ಪನ ಕೋವಿ ನೀಲಿಯದ್ದು.
ಶನಿವಾರ ಸಂಜೆ ಜಗಲಿಯಲ್ಲಿ ಕಾಲು ಚಾಚಿ
ಹಳೆ ಮುಂಡಿನ ತುಂಡಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು
ನಳಿಗೆಯುದ್ದಕ್ಕೂ ಒರೆಸುವನು,
ಎಮ್ಮೆಯ ಬೆನ್ನು ಸವರುವ ಹಾಗೆ, ಏನೋ ಗೊಣಗುತ್ತ.
ಅಮ್ಮ ಮುಟ್ಟುವಂತಿಲ್ಲ.
ಮೈಲಿಗೆಯೆಂದಲ್ಲ, ಅಮ್ಮನದು ಉಪ್ಪುಗೈ:
ಅವಳು ಹಿಡಿದ ಕತ್ತಿಗೆ ಮೂರೇ ದಿನಕ್ಕೆ ಕೆಂಪು,
ಹಟ್ಟಿಯ ಸರಪಳಿಗೆ, ಸೂಜಿಗೆ ಕೂಡ.
ಕೆಲವರ ಬೆವರು ಹಾಗೆ.
ನನ್ನದೂ ಹಾಗೆ. ರೇಷನ್ ಅಂಗಡಿಗೆ
ವರ್ಷಕ್ಕೊಂದು ಬೀಗ ತರುತ್ತೇನೆ.

ಅಪ್ಪ ಪುತ್ತೂರಿನ ಆಸ್ಪತ್ರೆಯಲ್ಲಿದ್ದ ವಾರ
ಗೇರುಗುಡ್ಡೆಯಿಂದ ಯಾರೋ ಇಳಿದು ಬಂದರು, ರಾತ್ರಿ.
ಕಂಬಳಿಯ ಸಂದಿನಿಂದ ನಾನು ಕಂಡದ್ದಿಷ್ಟು:
ಬಾಗಿಲು ಅರ್ಧ, ಅಮ್ಮನ ಬೆನ್ನು ಪೂರ್ತಿ,
ತೋಳಿನಾಚೆ ನಳಿಗೆಯ ತುದಿ.
ಮಾತಿಲ್ಲ. ಒಂದು ಕೆಮ್ಮು.
ಆಮೇಲೆ ತರಗೆಲೆಯ ಮೇಲೆ ಹಿಂದೆ ಸರಿದ ಹೆಜ್ಜೆ.
ತೋಟೆಪೆಟ್ಟಿಗೆಯ ಕೀಲಿ ಆ ರಾತ್ರಿ
ಅಪ್ಪನ ಉಡಿದಾರದಲ್ಲಿ, ಪುತ್ತೂರಿನಲ್ಲಿತ್ತು
ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಅಪ್ಪ ಬಂದ. ಶನಿವಾರ ಬಂತು.
ನಳಿಗೆಯ ಒಂದು ಮಗ್ಗುಲಿಗೆ ನಾಲ್ಕು ಬೆರಳು, ಇನ್ನೊಂದಕ್ಕೆ ಹೆಬ್ಬೆಟ್ಟು,
ಗೇರುಹಣ್ಣಿನ ಕಲೆಯ ಹಾಗೆ ತುಕ್ಕು.
ಬಟ್ಟೆ ಅಲ್ಲಿಗೆ ಬಂದು ನಿಂತಿತು.
ಅಪ್ಪ ಒಳಗೆ ನೋಡಿದ. ಒಳಗೆ ಒಗ್ಗರಣೆ ಸಿಡಿಯುತ್ತಿತ್ತು.
ಕೇಳಲಿಲ್ಲ. ಮರಳುಕಾಗದ ತರಲಿಲ್ಲ.
ಮುಂದಿನ ಶನಿವಾರಗಳಲ್ಲಿ ಆ ಜಾಗಕ್ಕೆ
ಎಣ್ಣೆ ಸವರುವನು, ತಿಕ್ಕುವುದಿಲ್ಲ.

ಚುನಾವಣೆ ಬಂದಾಗೆಲ್ಲ ಕೋವಿ ಸ್ಟೇಷನ್ನಿನಲ್ಲಿ.
ಕಳೆದ ಸಲ ಮೂರು ತಿಂಗಳು ಹಸಿಗೋಡೆಗೊರಗಿ ಮರಳಿತು,
ಯಾವನೋ ಪೊಲೀಸಿನ ಅಂಗೈಯೂ ಅದರ ಮೇಲೆ,
ಒಳಗೆಲ್ಲ ಸಿಡುಬಿನ ಗುಳಿ.
ಇನ್ನಿದು ಈಡಿಗಲ್ಲ ಎಂದು ಬರೆದುಕೊಟ್ಟರು.

"ಈ ನೀಲಿ ಬಣ್ಣವಲ್ಲ ಮಾರಾಯ್ತಿ," ಶೆಣೈ ಕನ್ನಡಕ ಏರಿಸಿದರು,
"ಇದೂ ತುಕ್ಕೇ. ಕುದಿಯುವ ಉಪ್ಪಿನಲ್ಲಿ ಅದ್ದಿ
ಬೇಕೆಂದೇ ಹಿಡಿಸಿದ ತುಕ್ಕು.
ಕೆಂಪು ಬಾರದಂತೆ ನೀಲಿಯನ್ನು ಕಾವಲಿಗೆ ಕೂರಿಸುವುದು."

ಬಿಳಿಯದರ ಮೇಲೆ ಹೆಬ್ಬೆಟ್ಟು ಒತ್ತಿದೆ.
ಬೆವರಿನ ಮುದ್ರೆ ಮೂಡಿತು.
ನೋಡುತ್ತಿದ್ದಂತೆ ಆರಿತು.

ಪಂಚಾಯತಿನ ಪಟ್ಟಿಯಲ್ಲಿ ನನ್ನ ಹೆಸರು ಏಳನೆಯದು, ಹೆಂಗಸು ಒಬ್ಬಳೇ.
ನಡುರಾತ್ರಿ ಕರೆದರೂ ಹೊರಡಬೇಕು.
ಶನಿವಾರ ಅಂಗಡಿಯಲ್ಲಿ ಉಸಿರಾಡಲು ಹೊತ್ತಿಲ್ಲ.
ಬಿಳಿಯದನ್ನೇ ಕಟ್ಟಿ ಎಂದೆ.

ಹಳೆಯದನ್ನು ಒಪ್ಪಿಸಿದೆ. ರಸೀದಿಯಲ್ಲಿ
ನಂಬ್ರ, ನಳಿಗೆಯ ಅಳತೆ,
ಷರಾ: ತುಕ್ಕು ಹಿಡಿದಿದೆ.

ಮೊದಲ ಶನಿವಾರ ಅಂಗಡಿ ಮುಚ್ಚಿ ಬಂದು
ಯಾಕೋ ಜಗಲಿಯಲ್ಲಿ ಕಾಲು ಚಾಚಿ ಕೂತೆ.
ಎಣ್ಣೆಯ ವಾಸನೆ ಹಂದಿಗೆ ತಾಗುತ್ತದೆ, ಬೇಡ ಎಂದಿದ್ದರು ಶೆಣೈ.
ನಾಲ್ಕು ಹನಿ ಬಿಟ್ಟೆ. ತುದಿಯಿಂದ ಬುಡದವರೆಗೆ ಒರೆಸಿದೆ.
ಬಟ್ಟೆ ತಿರುಗಿಸಿ ನೋಡಿದರೆ ಬಿಳಿ, ಹಾಕಿದ ಹಾಗೇ.
ಇನ್ನೊಮ್ಮೆ ಒರೆಸಿದೆ.