ಎದುರುದಾರಳು

ಏಳು ವರ್ಷದ ಹಿಂದೆ ನಾವಿಬ್ಬರೂ ಒಂದೇ ಕಡೆ ಇದ್ದೆವು.
ಒಂದನೇ ಅರ್ಜಿದಾರ ಕೊಟ್ರೇಶ,
ಎರಡನೇ ಅರ್ಜಿದಾರಳು ನಾನು.
ಬಿಡಿಸಿ ಎಂದು ಒಟ್ಟಿಗೆ ಕೇಳಿಕೊಂಡೆವು, ಒಂದೇ ಪೆನ್ನಿನಲ್ಲಿ.
ನನ್ನದು ಬರೆಯುತ್ತಿರಲಿಲ್ಲ, ಅವನೇ ಕೊಟ್ಟ.
ಮದುವೆಯಲ್ಲಿ ಒಂದು ದಿನವೂ ಕೂಡದ ಮಾತು
ಅವತ್ತು ದಾವಣಗೆರೆ ಕೋರ್ಟಿನಲ್ಲಿ
ಅಕ್ಷರಕ್ಕೆ ಅಕ್ಷರ ಕೂಡಿತ್ತು.

ಈಗ ಅದರಲ್ಲಿ ಒಂದು ಸಾಲು ತೆಗೆಸಬೇಕು.
ಅವನಿಗೂ ಒಪ್ಪಿಗೆ, ನನಗೂ ಒಪ್ಪಿಗೆ.
ವಕೀಲ ಹಾಲಸ್ವಾಮಿ ಕನ್ನಡಕ ಹಣೆಗೇರಿಸಿ ಅಂದರು:
"ಡಿಕ್ರಿ ಆದಮ್ಯಾಲೆ ಹಂಗಾಗಲ್ಲ ತಾಯಿ.
ತಿದ್ದುಪಡಿ ಅಂದ್ರೆ ಒಬ್ರು ಕೇಳಬೇಕು,
ಒಬ್ರು ಎದುರುದಾರ ಆಗಬೇಕು.
ಯಾರಾಗ್ತೀರಿ, ಮಾತಾಡ್ಕಂಡು ಬರ್ರಿ."

ಹೊರಗೆ ಬೇವಿನ ಮರದಡಿ ಮಾತಾಡಿಕೊಂಡೆವು.
ಎರಡು ಚಹಾ ಹೇಳಿದ, ಒಂದಕ್ಕೆ ಸಕ್ಕರೆ ಬೇಡ ಅಂದ;
ಅದು ಅವನದು. ಶುಗರ್ ಬಂದು ಎರಡು ವರ್ಷವಂತೆ.
"ಎದುರುದಾರಳು ನಾನೇ ಆಗ್ತೀನಿ" ಅಂದೆ.
"ಅಭ್ಯಾಸ ಐತಿ ನಿಂಗೆ" ಅಂದ.
ಮೊದಲು ನಕ್ಕಿದ್ದು ಯಾರೋ ನೆನಪಿಲ್ಲ.

ಐದನೇ ಕಲಮು:
ಸದರಿ ಮಗುವನ್ನು ತಂದೆಯು ಪ್ರತಿ ತಿಂಗಳ
ಎರಡನೇ ಮತ್ತು ನಾಲ್ಕನೇ ಭಾನುವಾರ
ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ
ಗಾಜಿನ ಮನೆ ಉದ್ಯಾನದಲ್ಲಿ ಭೇಟಿಯಾಗತಕ್ಕದ್ದು.
ರಾತ್ರಿ ತಂಗುವಂತಿಲ್ಲ.

ಆ ಕೊನೆಯ ಸಾಲು ನಾನು ಹೇಳಿ ಬರೆಸಿದ್ದು.
ಟೈಪಿಂಗ್ ಅಂಗಡಿಯಲ್ಲಿ, ಪಿ.ಬಿ. ರಸ್ತೆಯ ಲಾರಿ ಸದ್ದಿಗೆ
ಎರಡು ಸಲ ಕೂಗಿ ಹೇಳಿದ್ದೆ.
ಹುಡುಗ ಕತ್ತೆತ್ತಿ ನೋಡಿ, ಮತ್ತೆ ಬಗ್ಗಿ ಒತ್ತಿದ,
ತಂ ಗು ವಂ ತಿ ಲ್ಲ.
ಒಡವೆ ಅಡವಿಟ್ಟಾಗಿತ್ತು, ಬಾಡಿಗೆ ಮನೆ ಹುಡುಕಬೇಕಿತ್ತು,
ರಾತ್ರಿಗಳನ್ನಾದರೂ ಕೊಡಬಾರದು ಅನ್ನಿಸಿತ್ತು.

ಏಳು ವರ್ಷ, ಯಾರೂ ವಾಸವಿಲ್ಲದ ಆ ಮನೆಯ ಮುಂದೆ
ಮಗಳನ್ನು ಸ್ಕೂಟಿಯಿಂದ ಇಳಿಸಿದ್ದೇನೆ, ಹತ್ತಿಸಿಕೊಂಡಿದ್ದೇನೆ.
ಐದಕ್ಕೆ ಐದು ನಿಮಿಷವಿದ್ದಾಗ
ಅವನು ಮಂಡಿಯೂರಿ ಅವಳ ಶೂ ಲೇಸು ಬಿಗಿಯುತ್ತಿದ್ದ,
ಬಿಚ್ಚಿಲ್ಲದಿದ್ದರೂ.
ಒಮ್ಮೆ ಎಲ್ಲಿಗೋ ಕರೆದೊಯ್ದು, ರೈಲ್ವೆ ಗೇಟು ಬಿದ್ದು
ಇಪ್ಪತ್ತು ನಿಮಿಷ ತಡ ಮಾಡಿದ.
ಡೈರಿಯಲ್ಲಿ ಬರೆದಿಟ್ಟೆ, ತಾರೀಖು ಸಮೇತ.
ಗೂಡ್ಸ್ ರೈಲಿನ ಡಬ್ಬಿ ಎಣಿಸಿಕೊಂಡು ಬಂದಿದ್ದಳು ಮಗಳು, ಐವತ್ತೆಂಟು.
ಅದನ್ನು ಬರೆಯಲಿಲ್ಲ.

ಪ್ರಣತಿಗೆ ಈಗ ಹದಿಮೂರು.
ವಿನೋಬನಗರದಲ್ಲಿ, ಅಪ್ಪನ ಮನೆಯಲ್ಲಿ,
ತಮ್ಮ ಹುಟ್ಟಿದ್ದಾನೆ.
"ಪಾರ್ಕಿಗೆ ಕರ್ಕಂಡು ಬರ್ತಾರಮ್ಮ, ಬರೀ ಮಲಗಿರ್ತಾನೆ.
ಎದ್ದಿರೋದು ರಾತ್ರಿ ಅಂತೆ" ಅಂದಳು,
ತಟ್ಟೆಯ ಮಂಡಕ್ಕಿಯೊಳಗೆ ಕಡಲೆಬೀಜ ಮಾತ್ರ ಆರಿಸುತ್ತಾ.
ಇನ್ನೊಂದು ಸಲ ಅವಳು ಆ ಮಾತೆತ್ತಲಿಲ್ಲ.
ಎತ್ತದ ಮಾತು ಮೂರು ವಾರ ನಮ್ಮ ಮನೆಯೊಳಗೆ
ಬರಿಗಾಲಲ್ಲಿ ಓಡಾಡಿತು.
ನಾಲ್ಕನೇ ವಾರ ನಾನೇ ಫೋನ್ ಮಾಡಿದೆ.

"ಪರಿಸ್ಥಿತಿಯಲ್ಲಿ ಏನು ಬದಲಾವಣೆಯಾಗಿದೆ?"
ನ್ಯಾಯಾಧೀಶರು ಕೇಳಿದರು.
ಫ್ಯಾನಿನ ಗಾಳಿಗೆ ಹಳೇ ಕಡತದ ಹಾಳೆ ಏಳುತ್ತಿತ್ತು,
ಅಂಗೈಯಲ್ಲಿ ಒತ್ತಿ ಹಿಡಿದಿದ್ದರು.
ಅವನು ಸ್ವಲ್ಪ ಹೊತ್ತು ಯೋಚಿಸಿ
"ಮಗು ದೊಡ್ಡದಾಗಿದೆ ಸ್ವಾಮಿ" ಅಂದ.
ಯಾವ ಮಗು, ಎಂದು ಅವರು ಕೇಳಲಿಲ್ಲ.
"ಎದುರುದಾರರು?"
"ತಕರಾರಿಲ್ಲ" ಅಂದೆ.
ಅವನ ಎದುರು ನಿಂತು
ಇಷ್ಟು ಚಿಕ್ಕ ಮಾತಾಡಿದ್ದು ಅದೇ ಮೊದಲು.

ಶನಿವಾರ ಸಂಜೆ ಬ್ಯಾಗು ತುಂಬಿದೆ.
ಬ್ರಷ್ಷು, ಅವಳದೇ ಹೊದಿಕೆ, ಕೂಸಿಗೆ ಒಂದು ಟೋಪಿ
(ಬೇಸಿಗೆ, ಟೋಪಿ ಯಾಕೆ ಎಂದು ಅವಳು ನಕ್ಕಳು).
ಯಾವ ಕಲಮಿನಲ್ಲೂ ಇಲ್ಲದ್ದೊಂದನ್ನು ಚೀಟಿಯಲ್ಲಿ ಬರೆದೆ,
ಆ ಮನೆಯಾಕೆಗೆ:
ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ.
ಹೆದರಬೇಡಿ, ಎಬ್ಬಿಸಬೇಡಿ.
ಮಡಿಚುವಾಗ ನೆನಪಾಯಿತು,
ಹಲ್ಲು ಕಡಿಯುವುದು ನಮ್ಮ ಕಡೆಯ ಗುಣವಲ್ಲ.
ಎಂಟು ವರ್ಷ ಆ ಸದ್ದಿನ ಪಕ್ಕ ಮಲಗಿದವಳು ನಾನು.
ಆಕೆಗೆ ಗೊತ್ತಿರುತ್ತದೆ.

ಆದರೂ ಇಟ್ಟೆ.